ಬಾಂಬೆ ಎಂಬ ನಮ್ಮ ಬೆಕ್ಕು

ಬೆಕ್ಕಿಗೂ ಜಾತಿ ಇರುತ್ತದೆ ಎಂದು ನನಗೆ ಗೊತ್ತಾಗಿದ್ದು ಬಸವನಗುಡಿಯ ಒಂದು ಮನೆಯ ಗೇಟಿನ ಮುಂದೆ. ಅಲ್ಲಿಯವರೆಗೆ ನನಗೆ ಬೆಕ್ಕು ಅಂದರೆ ಬೆಕ್ಕು. ಬೀದಿಯದು, ಇಲ್ಲದಿದ್ದರೆ ಮನೆಯದು. ನಮ್ಮದು ಮಾತ್ರ ಬಾಂಬೆ ಬೆಕ್ಕು.

ಅಪ್ಪ ಲಾರಿ ಓಡಿಸುತ್ತಿದ್ದ. ಬಾಂಬೆಯಲ್ಲಿ ಗಲಾಟೆಯಾದ ವರ್ಷ, ಲೋಡು ತಗೊಂಡು ಹೋದವನು ಬಹಳ ದಿನ ಬರಲಿಲ್ಲ. ಫೋನಿಲ್ಲ, ಸುದ್ದಿಯಿಲ್ಲ. ಅಮ್ಮ ಅನ್ನ ಬಿಟ್ಟಿದ್ದಳು. ಒಂದು ಮಧ್ಯಾಹ್ನ ಚಾಮರಾಜಪೇಟೆಯ ನಮ್ಮ ವಠಾರದ ಬಾಗಿಲಿಗೆ ಬಂದು ನಿಂತ. ಖಾಕಿ ಅಂಗಿಯೊಳಗಿಂದ ಒಂದು ಮರಿ ತೆಗೆದು ಅಮ್ಮನ ಮಡಿಲಿಗೆ ಹಾಕಿದ. “ತಗೋ, ಬಾಂಬೆ” ಅಂದ. ಅಮ್ಮ ಅತ್ತಳು, ಆಮೇಲೆ ನಕ್ಕಳು. ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ, ಹೆಸರಿಗೆ. ಆ ಬೆಕ್ಕಿಗೆ ಅವತ್ತಿನಿಂದ ಅದೇ ಹೆಸರು.

ಬಿಳಿ ಬೆಕ್ಕು. ಮೈತುಂಬ ಉದ್ದ ಕೂದಲು, ಚಪ್ಪಟೆ ಮೂಗು, ಯಾರ ಮೇಲೋ ಮುನಿಸಿಕೊಂಡ ಹಾಗಿರುವ ಮುಖ. “ಯಾರೋ ಮುಖದ ಮೇಲೆ ಬಾಗಿಲು ಹಾಕಿದಾರೆ ಕಣೇ ಇದಕ್ಕೆ” ಎಂದು ಪಕ್ಕದ ಮನೆಯಾಕೆ ನಗುತ್ತಿದ್ದಳು. ಅಪ್ಪ ಟ್ರಿಪ್ಪಿನಿಂದ ಬಂದರೆ ಅವನ ಕಾಲ ಮೇಲೆ, ಅವನಿಲ್ಲದಾಗ ಅವನ ಹಳೇ ಅಂಗಿಯ ಮೇಲೆ ಮಲಗುತ್ತಿತ್ತು. ಮೀನಿನ ತಲೆ ಬಿಟ್ಟು ಬೇರೇನೂ ಮೂಸುತ್ತಿರಲಿಲ್ಲ. “ಬಾಂಬೆ” ಎಂದು ಕೂಗಿದರೆ ಎಲ್ಲಿದ್ದರೂ ಬರುತ್ತಿತ್ತು. ಬೇರೆ ಏನು ಕರೆದರೂ ತಿರುಗಿ ನೋಡುತ್ತಿರಲಿಲ್ಲ.

ಒಂದು ದಿನ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಗೋಡೆಗೆ ಹಾಕಲು ಫೋಟೋ ಹುಡುಕಿದರೆ ನೆಟ್ಟಗಿರುವುದು ಒಂದೇ ಸಿಕ್ಕಿತು. ಅದರಲ್ಲಿ ಅಪ್ಪನ ತೊಡೆಯ ಮೇಲೆ ಬಾಂಬೆ ಕೂತಿತ್ತು. ಬೆಕ್ಕನ್ನು ತೆಗೆದು ಬರೀ ಮುಖ ದೊಡ್ಡದು ಮಾಡಿಕೊಡುತ್ತೇನೆ ಎಂದು ಸ್ಟುಡಿಯೋದವನು ಹೇಳಿದ. “ಬೇಡಪ್ಪ, ಇರ್ಲಿ ಬಿಡು. ಅದನ್ನ ಬಿಟ್ಟು ಅವರು ಎಲ್ಲಿ ಕೂತಿದ್ರು” ಅಂದಳು ಅಮ್ಮ. ಎರಡು ಕಾಪಿ ಹಾಕಿಸಿದೆವು. ಒಂದು ಮನೆಗೆ, ಇನ್ನೊಂದು ನಾನು ಆಗ ತಾನೇ ಶುರುಮಾಡಿದ್ದ ಸ್ಕೂಟರ್ ರಿಪೇರಿ ಅಂಗಡಿಗೆ. ಹೂವಿನ ಹಾರ ಇಬ್ಬರಿಗೂ ಸೇರಿಯೇ ಬೀಳುತ್ತಿತ್ತು.

ಆಮೇಲೆ ಅಮ್ಮ ನನ್ನ ಹತ್ತಿರ ಹೆಚ್ಚು ಮಾತಾಡಲಿಲ್ಲ. ನಾನೂ ಮಾತಿನವನಲ್ಲ. ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ಬೆಕ್ಕಿಗೆ ಹೇಳುತ್ತಿದ್ದಳು. ನೀರು ಬಂದಿಲ್ಲ, ಸೀಮೆಎಣ್ಣೆ ಕ್ಯೂ ದೊಡ್ಡದಿತ್ತು, ಇವನು ಊಟ ಸರಿಯಾಗಿ ಮಾಡ್ತಿಲ್ಲ. ನನ್ನ ದೂರನ್ನೂ ನಾನು ಹಾಗೇ ಕೇಳಿಸಿಕೊಳ್ಳುತ್ತಿದ್ದೆ.

ದೀಪಾವಳಿಯಲ್ಲಿ ಯಾರೋ ವಠಾರದೊಳಗೆ ಸರಪಟಾಕಿ ಹಚ್ಚಿದರು. ಬಾಂಬೆ ಹೆಂಚು ಹತ್ತಿ ಓಡಿಹೋಯಿತು. ಮತ್ತೆ ಬರಲಿಲ್ಲ.

“ಹುಡುಕ್ಕೊಂಡು ಬಾ” ಅಂದಳು ಅಮ್ಮ. ಅಪ್ಪನ ಅಂಗಿಯನ್ನು ಬಾಗಿಲ ಹೊರಗೆ ಹಾಸಿದಳು, ವಾಸನೆ ಹಿಡಿದು ಬರಲಿ ಎಂದು. ನಾನು ದಿನಾ ಸಂಜೆ ಅಂಗಡಿ ಮುಚ್ಚಿ ತಿರುಗಿದೆ. ಮಾರ್ಕೆಟ್ಟು, ಸ್ಮಶಾನದ ಗೋಡೆ, ಗಾಂಧಿ ಬಜಾರಿನ ಹೂವಿನಂಗಡಿಗಳ ಹಿಂದೆ. ಕೊನೆಗೆ ಬಸವನಗುಡಿಯಲ್ಲಿ ಹಾಲು ಹಾಕುವವನೊಬ್ಬ ಗಾಡಿ ರಿಪೇರಿಗೆ ಬಂದಾಗ ಹೇಳಿದ. “ಗುರು, ಅಲ್ಲೊಂದು ದೊಡ್ಡ ಮನೇಲಿ ಯಾವ್ದೋ ಬೆಕ್ಕು ಸಿಕ್ಕಿದೆಯಂತೆ. ನಾನ್ ನೋಡಿಲ್ಲ. ಹೋಗಿ ಕೇಳು.”

ಹೋದೆ. ಕೈಯಲ್ಲಿ ಗ್ರೀಸು ಹಾಗೇ ಇತ್ತು. ಕಾಂಪೌಂಡು, ಸಂಪಿಗೆ ಮರ, ವರಾಂಡ. ಗೇಟು ತೆಗೆಯದೆ ಒಳಗೇ ನಿಂತು ಮಾತಾಡಿಸಿದವರು ಕನ್ನಡಕದ ಯಜಮಾನರು.

“ಏನಪ್ಪಾ?”

“ಬೆಕ್ಕು ಸಿಕ್ಕಿದೆಯಂತೆ ಸಾರ್. ನಮ್ದು ಕಳೆದೋಗಿದೆ.”

“ಯಾವ ಜಾತಿ, ಹೇಳು.”

“ಯಾರ್ದು ಸಾರ್?”

“ನಿನ್ನದಲ್ಲಪ್ಪ. ಬೆಕ್ಕಿಂದು.”

“ಬಾಂಬೆ” ಅಂದೆ. ನನ್ನ ಗಂಟಲು ಅಪ್ಪನದು, ಲಾರಿ ಇಂಜಿನ್ನಿನ ಸದ್ದಿನ ಮೇಲೆ ಮಾತಾಡುವ ಗಂಟಲು.

ಅವರು ಸಣ್ಣಗೆ ನಕ್ಕರು. “ಬಾಂಬೆ ಅಂದ್ರೆ ಮೈಯೆಲ್ಲ ಕಪ್ಪು ಕಣಯ್ಯ. ಪುಸ್ತಕದಲ್ಲಿ ಓದಿದೀನಿ. ಹೆಸರಿಗಷ್ಟೇ ಬಾಂಬೆ, ಆ ತಳಿ ಮಾಡಿದ್ದು ಅಮೆರಿಕದಲ್ಲಿ.”

“ಅಮೆರಿಕ ಯಾಕ್ ಸಾರ್. ನಮ್ಮಪ್ಪ ಬಾಂಬೆಯಿಂದ್ಲೇ ತಂದಿದ್ದು.”

“ಇಲ್ಲಿರೋದು ಅದಲ್ಲ. ಇದು ಪರ್ಷಿಯನ್. ಇರಾನ್ ಕಡೇದು.”

“ಒಂದ್ಸಲ ತೋರ್ಸಿ ಸಾರ್.”

“ತೋರಿಸಿದ್ರೆ ಎಲ್ಲರೂ ನಂದೇ ಅಂತಾರೆ. ಆಗ್ಲೇ ಇಬ್ಬರು ಬಂದು ಹೋದ್ರು, ಮಾರ್ಕೊಳ್ಳೋಕೆ. ಸಾಕಿದೋರಾದ್ರೆ ಹೆಸರು ಗೊತ್ತಿರುತ್ತೆ. ಅದಕ್ಕೇ ಕೇಳ್ದೆ.”

“ಗೊತ್ತಿರೋದಕ್ಕೇ ಹೇಳಿದ್ದು ಸಾರ್. ಬಾಂಬೆ.”

ಅವರು ಬಣ್ಣ ಕೇಳಲಿಲ್ಲ. ನಾನು ಹೇಳಲಿಲ್ಲ. ಇರಾನಿನ ಬೆಕ್ಕು ನನಗೇಕೆ ಎಂದುಕೊಂಡು ಗಾಡಿ ಒದ್ದು ಸ್ಟಾರ್ಟ್ ಮಾಡಿದೆ. ಅವರು ಸುಳ್ಳು ಹೇಳುವವರಂತೆ ಕಾಣಲಿಲ್ಲ. ಓದಿದವರು, ನೋಡಿ ಹೇಳಿರುತ್ತಾರೆ ಎಂದು ನಂಬಿದೆ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. “ಅಲ್ಲಿರೋದು ನಮ್ದಲ್ಲಮ್ಮ. ಯಾವ್ದೋ ಇರಾನಿಂದು” ಅಂದೆ.

“ಇರಾನ್ ಎಲ್ಲೈತೆ?”

“ಬಾಂಬೆಗಿಂತ ದೂರ.”

“ಹಂಗಾದ್ರೆ ಅಲ್ಲ ಬಿಡು” ಎಂದು ಒಳಗೆ ಹೋದಳು. ಅಂಗಿ ಮಾತ್ರ ಹೊರಗೇ ಇತ್ತು. ಮಳೆ ಬಂದರೆ ಒಳಗೆ ತರುತ್ತಿದ್ದಳು, ನಿಂತ ಮೇಲೆ ಮತ್ತೆ ಹಾಸುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಬ್ಬ ಹೆಂಗಸು ನನ್ನ ಅಂಗಡಿಗೆ ಸ್ಕೂಟರ್ ತಳ್ಳಿಕೊಂಡು ಬಂದರು. ಪ್ಲಗ್ ಹೋಗಿತ್ತು. ನಾನು ಕೂತು ಬಿಚ್ಚುತ್ತಿದ್ದೆ. ಅವರು ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡುತ್ತಾ ನಿಂತಿದ್ದರು.

“ಇವರು ಯಾರಪ್ಪ?”

“ನಮ್ಮಪ್ಪ. ಇಲ್ಲ ಈಗ.”

“ಅವರ ತೊಡೆ ಮೇಲಿರೋದು...”

“ನಮ್ಮನೆ ಬೆಕ್ಕು ಮೇಡಂ. ಕಳೆದೋಯ್ತು. ಬಾಂಬೆ ಬೆಕ್ಕು.”

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಅವತ್ತು ಬಸವನಗುಡಿಯಲ್ಲಿ ಗೇಟಿನೊಳಗೆ ನಿಂತು ಮಾತಾಡಿಸಿದ್ದ ಯಜಮಾನರ ಹೆಂಡತಿ ತಾವೇ ಎಂದರು. ನನ್ನ ಮುಖ ಅವರು ನೋಡಿರಲಿಲ್ಲ, ಗಂಟಲು ಮಾತ್ರ ಒಳಗಿಂದ ಕೇಳಿದ್ದರು. ನಾನು ಸ್ಪ್ಯಾನರ್ ಕೆಳಗಿಟ್ಟು “ಎಲ್ಲಿದೆ ಮೇಡಂ ಈಗ?” ಎಂದು ಕೇಳಿದೆ. ಅವರು ಇಲ್ಲ ಎಂದು ತಲೆ ಆಡಿಸಿದರು. ನನಗೆ ಅರ್ಥವಾಯಿತು. ಪ್ಲಗ್ ಹಾಕಿ ಗಾಡಿ ಕೊಟ್ಟೆ.

ಅಮ್ಮನಿಗೆ ಅದೇ ಸಂಜೆ ಹೇಳಿದೆ. ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ. “ಇರಾನಿಂದು ಅಂದ್ರಲ್ಲ, ಅದು ನಮ್ದೇ ಆಗಿತ್ತಮ್ಮ. ಸತ್ತೋಗಿದೆ.” ಅಮ್ಮ ಅಂಗಿ ಒಳಗೆ ತಂದು ಮಡಚಿದಳು. “ಎಲ್ಲಿ ಹಾಕಿದಾರೆ ತೋರ್ಸು” ಅಂದಳು.

ಮರುದಿನ ಗೇಟು ತೆರೆದೇ ಇತ್ತು. ಸಂಪಿಗೆ ಮರದ ಬುಡದಲ್ಲಿ ಮಣ್ಣು ಸ್ವಲ್ಪ ಉಬ್ಬಿತ್ತು, ಮೇಲೊಂದು ಕಲ್ಲು. ಅಮ್ಮ ಅಲ್ಲಿ ಕುಕ್ಕರುಗಾಲಲ್ಲಿ ಕೂತಳು. ಯಜಮಾನರು ಕನ್ನಡಕ ಕೈಯಲ್ಲಿ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಮೇಡಂ.

“ತಪ್ಪು ತಿಳ್ಕೋಬೇಡಿಮ್ಮ. ಬೇರೆಯೋರ ಕೈಗೆ ಹೋಗ್ಬಾರ್ದು ಅಂತ ಹೆಸರು ಕೇಳಿದ್ದು. ಪರ್ಷಿಯನ್ನಿಗೆ ಬಾಂಬೆ ಅಂತ ಯಾಕೆ ಅಂದ್ರಿ ನೀವು?”

“ನಮ್ಮೋರು ಬಾಂಬೆ ತೋರಿಸ್ತೀನಿ ತೋರಿಸ್ತೀನಿ ಅಂತಿದ್ರು ಸಾಮಿ, ಮದುವೆ ಆದಾಗಿಂದ” ಅಂದಳು ಅಮ್ಮ. “ಆ ಸಲನಾದ್ರೂ ಅಲ್ಲಿಂದ ಏನಾದ್ರೂ ತಗೊಂಡ್ಬನ್ನಿ ಅಂದಿದ್ದೆ. ಗಲಾಟೆ ಅಂತ ನಿಪ್ಪಾಣಿ ಹತ್ರಾನೇ ಲಾರಿ ನಿಲ್ಲಿಸ್ಬಿಟ್ರಂತೆ. ಬಾಂಬೆಗೆ ಹೋಗ್ಲೇ ಇಲ್ಲ ಅವರು. ಆ ಕಡೆಯಿಂದ ಜೀಪಲ್ಲಿ ಮಕ್ಕಳು ಮರಿ ಕಟ್ಕೊಂಡು ಬಂದೋರು ಯಾರೋ ಡಾಬಾ ಹತ್ರ ಇದನ್ನ ಇಳ್ಸಿ ಹೋದ್ರಂತೆ. ಎಲ್ಲಿಯೋರೋ ಏನೋ. ನಂಗೆ ಸಮಾಧಾನ ಆಗ್ಲಿ ಅಂತ ಮಡಿಲಿಗೆ ಹಾಕಿ, ತಗೋ ಬಾಂಬೆ ಅಂದ್ರು. ನಾನೂ ಹೂಂ ಅಂದೆ.”

ನನಗೆ ಅದು ಗೊತ್ತಿರಲಿಲ್ಲ. ಅಪ್ಪ ಬಾಂಬೆಗೆ ಹೋಗಿ ಬಂದವನೆಂದು ಸ್ಕೂಲಲ್ಲಿ, ಗ್ಯಾರೇಜಲ್ಲಿ, ಎಲ್ಲ ಕಡೆ ಹೇಳಿಕೊಂಡು ತಿರುಗಿದ್ದೆ. ಬಾಂಬೆ ಅನ್ನುವುದು ಗಂಡ ಹೆಂಡತಿ ಇಬ್ಬರ ನಡುವಿನ ತಮಾಷೆಯ ಹೆಸರು. ಅದನ್ನು ನಾನು ಈ ಗೇಟಿನಲ್ಲಿ ಜಾತಿ ಎಂದು ಹೇಳಿದ್ದೆ.

ಯಜಮಾನರು ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು.

“ಏನಾದ್ರೂ ತಿಂತಿತ್ತಾ?” ಅಮ್ಮ ಮೇಡಮ್ಮನ್ನು ಕೇಳಿದಳು.

“ಹಾಲು ಇಟ್ವಿ, ಮೊಸರನ್ನ ಇಟ್ವಿ. ನಮ್ಮನೇಲಿ ಇನ್ನೇನು ಇರುತ್ತೆ. ಮುಟ್ಟಲಿಲ್ಲ. ನಾಯಿ ಕಚ್ಚಿತ್ತು, ಡಾಕ್ಟ್ರು ಇಂಜೆಕ್ಷನ್ ಕೊಟ್ಟಿದ್ರು. ಬುಟ್ಟಿ ಬಿಟ್ಟು ಏಳ್ತಾನೇ ಇರಲಿಲ್ಲ.”

“ಕರೆದ್ರೆ?”

“ಪರ್ಷಿ ಅಂತಿದ್ವಿ. ತಿರುಗ್ತಿರಲಿಲ್ಲ.” ಆಮೇಲೆ ಅವರು ನನ್ನ ಕಡೆ ನೋಡಿದರು. “ಒಂದೇ ಒಂದ್ಸಲ ಎದ್ದಿತ್ತು. ನೀವು ಗೇಟಿಗೆ ಬಂದಿದ್ರಲ್ಲ, ಅವತ್ತು. ಕುಂಟ್ಕೊಂಡು ವರಾಂಡದ ಬಾಗಿಲ ತನಕ ಹೋಯ್ತು. ಬಾಗಿಲು ಹಾಕಿತ್ತು. ಸ್ವಲ್ಪ ವಾಸಿ ಆಗ್ತಿದೆ ಅಂದ್ಕೊಂಡು ಎತ್ತಿ ಬುಟ್ಟಿಗೆ ಹಾಕ್ದೆ. ಆ ವಾರಾನೇ ಹೋಯ್ತು.”

ನಾನು ಮರದ ಕಡೆ ತಿರುಗಿ ನಿಂತೆ.

ಅಮ್ಮ ಸೆರಗಿನಿಂದ ಕಲ್ಲಿನ ಮೇಲಿನ ಮಣ್ಣು ಒರೆಸಿದಳು. ಆಮೇಲೆ ಕೇಳಿದಳು, “ಅವತ್ತು ನೀನು ಹೆಸರು ಜೋರಾಗಿ ಹೇಳಿದ್ಯಾ?”

“ಜೋರಾಗೇ ಹೇಳಿದ್ದೆ ಅಮ್ಮ. ಎರಡು ಮೂರು ಸಲ.”

“ಹಂಗಾದ್ರೆ ಕೇಳಿಸ್ಕೊಂಡಿದೆ ಬಿಡು” ಅಂದಳು.