ನಡುಹೊಳೆಯಲ್ಲಿ ನಿಂತ ಪಾಠ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿದ್ಯಾರ್ಥಿನಿಯರ ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಇಸ್ತ್ರಿ ಅಕ್ಕ ಬಿಳಿ ಕೋಟಿನ ಕಾಲರಿಗೆ ನೀರು ಚಿಮುಕಿಸುತ್ತಿದ್ದಾರೆ. ಮೂಲೆಯ ಬಟ್ಟೆಗಂಟಿನ ಮೇಲೆ ಕುಳಿತ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳು ಮೈತೂಗುತ್ತಾ ಕೈಮೂಳೆಗಳ ಹೆಸರನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದಾಳೆ. ಇಸ್ತ್ರಿಪೆಟ್ಟಿಗೆ ಅದೇ ಲಯಕ್ಕೆ ಹೋಗಿ ಬರುತ್ತದೆ.

ದೂರದಿಂದ ಬಂದಿರುವ ಈ ಹುಡುಗಿಯ ಸೀಮೆಯಲ್ಲಿ ಎಲ್ಲರೂ ಓದುವುದು ಹೀಗೇ, ಬಾಯಿಬಿಟ್ಟು. ಇಲ್ಲಿಯ ಓದುವ ಕೋಣೆಯಲ್ಲಿ ಪಿಟ್ಟೆನ್ನುವಂತಿಲ್ಲ. "ಏನೇ, ನಿಮ್ಮ ಕಡೆ ಗಿಳಿಗಳಿಗೂ ಸೀಟು ಕೊಡ್ತಾರಾ?" ಎಂದು ಜೊತೆಯವರು ನಕ್ಕರಂತೆ. ಇವಳೇನು ಕಡಿಮೆಯೇ? "ಅವರು ಓದ್ತಾರೋ, ಕಣ್ಣು ಬಿಟ್ಕೊಂಡು ನಿದ್ದೆ ಮಾಡ್ತಾರೋ, ಯಾರಿಗೆ ಗೊತ್ತು ಅಜ್ಜಿ?" ಎಂದು, ಅಕ್ಕನನ್ನು ಮಾತಾಡಿಸಲು ಬಂದ ಮುದುಕಿ ನನ್ನನ್ನೇ ಕೇಳುತ್ತಾಳೆ. ಆದರೆ ಮೊದಲ ದಿನ ಅಳುತ್ತಲೇ ಮೆಟ್ಟಿಲಿಳಿದು ಬಂದಿದ್ದಳು. ಅಕ್ಕ ಗಂಟೊಂದನ್ನು ತಟ್ಟಿ ಮೆತ್ತಗೆ ಮಾಡಿ, ದೀಪದ ಕೆಳಕ್ಕೆ ಎಳೆದು ಕೊಟ್ಟರು.

"ಪಾಪ ಅಂತ ಅಲ್ಲಮ್ಮಾ," ಎನ್ನುತ್ತಾರೆ ಅಕ್ಕ. "ನನ್ನ ಆಸೆಗೆ ಕೂರಿಸ್ಕೊಂಡಿದ್ದೀನಿ."

ಅಕ್ಕನನ್ನು ಶಾಲೆಗೆ ಕಳಿಸಿರಲಿಲ್ಲ. ಅವರ ತಂದೆಯೂ ಇಸ್ತ್ರಿಯವರೇ. ಪೆಟ್ಟಿಗೆಯ ಕೆಂಡ ಊದುವುದು ಮಗಳ ಪಾಲಿನ ಕೆಲಸ. ಗೋಡೆಯಾಚೆ ಅಣ್ಣ ರಾಗವಾಗಿ ಓದುತ್ತಿದ್ದ. ಅವನು ಓದಿದ್ದೆಲ್ಲ ತಂಗಿಗೂ ಬಾಯಿಗೆ ಬರುತ್ತಿತ್ತು. ಆಮೇಲೆ ಅಣ್ಣ ದೊಡ್ಡ ಶಾಲೆ ಸೇರಿದ. ಗಟ್ಟಿಯಾಗಿ ಓದುವವರು ದಡ್ಡರು ಎಂದು ಅಲ್ಲಿ ಯಾರೋ ಹೇಳಿದರು.

"ಅವತ್ತು ದೋಣಿಯವನ ಪಾಠ. ಹೊಳೆ ಮಧ್ಯೆ ಗಾಳಿ ಎದ್ದಿತ್ತು. ದೋಣೀಲಿ ತಾಯಿ, ಮಗು. ಅಷ್ಟಕ್ಕೆ ನಿಲ್ಲಿಸಿ ಅಣ್ಣ ಮಲಗ್ದ. ಮಾರನೇ ದಿನದಿಂದ ಮನಸ್ಸಲ್ಲೇ ಓದೋಕೆ ಶುರು ಮಾಡ್ದ. ಅಲ್ಲಿಗೆ ನನ್ನ ಓದು ಮುಗೀತು."

ಅಣ್ಣನನ್ನು ಕೇಳಬಹುದಿತ್ತಲ್ಲ?

"ಕೇಳ್ದೆ. 'ದಡ ಸೇರಿದ್ರು, ಹೋಗೇ' ಅಂದ. ಹಾಗಂದ್ಬಿಟ್ರೆ ಆಯ್ತಾ? ಹೇಗೆ ಸೇರಿದ್ರು ಅಂತ ಓದ್ಬೇಕಲ್ವಾ?" ಅಕ್ಕ ನಗುತ್ತಾರೆ. ಮೊಳಕೈಯವರೆಗೂ ಹಳೆಯ ಸುಟ್ಟ ಕಲೆಗಳು. ಬೆಳಗಾಗುವುದರೊಳಗೆ ಕೋಟುಗಳು, ಆಮೇಲೆ ರಾಶಿ ಹಾಸುಬಟ್ಟೆ. ಸಂಜೆಗೆ ಭುಜ ಎತ್ತಲಾಗುವುದಿಲ್ಲ. ಆದರೂ ಹುಡುಗಿ ಬರುವ ಹೊತ್ತಿಗೆ ಬಾಗಿಲು ತೆರೆದೇ ಇರುತ್ತದೆ.

ಮಾತಿನ ನಡುವೆ ಇಸ್ತ್ರಿಪೆಟ್ಟಿಗೆ ನಿಲ್ಲುತ್ತದೆ. ಮೂಲೆಯಿಂದ ಸದ್ದಿಲ್ಲ. ಹುಡುಗಿಯ ಕಣ್ಣು ಪುಸ್ತಕದಲ್ಲೇ ಇದೆ, ತುಟಿ ಮಾತ್ರ ಮುಚ್ಚಿದೆ.

"ಯಾಕೆ ನಿಲ್ಲಿಸ್ದೆ?"

"ಇಲ್ಲಿಯವರ ಥರ ಓದೋದು ರೂಢಿ ಮಾಡ್ಕೊಳ್ತಿದ್ದೀನಿ ಅಕ್ಕಾ. ಪರೀಕ್ಷೇಲಿ ಬಾಯಿಬಿಟ್ರೆ ಆಚೆ ಕಳಿಸ್ತಾರೆ."

ಅಕ್ಕ ತಲೆಯಾಡಿಸಿ, ಇನ್ನೊಂದು ಕೋಟನ್ನು ಹಲಗೆಯ ಮೇಲೆ ಹರಡುತ್ತಾರೆ. ತೋಳಿನ ಸುಕ್ಕನ್ನು ಅಂಗೈಯಿಂದ ಸವರುತ್ತಾರೆ.

"ಮಾಡ್ಕೋ ಮಗಳೇ, ಬೇಕಾಗುತ್ತೆ. ಇದೊಂದು ಕೋಟು ಮುಗಿಯೋ ತನಕ ಮಾತ್ರ ಗಟ್ಟಿಯಾಗಿ ಓದು."