ನಾಯಕಿ ಎದ್ದು ನಿಂತ ನಾಟಕ
ನಮ್ಮ ಕನ್ನಡ ಬಳಗದವರು ಹಳೆಯ ಕಂಪನಿ ನಾಟಕವೊಂದನ್ನು ಆಡಲು ಹೊರಟಾಗ ನಾಯಕಿಯ ಪಾತ್ರ ನನ್ನ ಪಾಲಿಗೆ ಬಂತು. ನಿರ್ದೇಶಕರು ಮೈಸೂರಿನವರು, ದೋಹಾದ ನಮ್ಮ ಆಫೀಸಿನಲ್ಲೇ ಇಂಜಿನಿಯರ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆದ ಆ ನಾಟಕದ ಪುಸ್ತಕ ಅವರ ತಾತನ ಪೆಟ್ಟಿಗೆಯಲ್ಲಿ ಸಿಕ್ಕಿತ್ತು. ತಾತ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ನಾಟಕದಲ್ಲಿ ದುಷ್ಟ ಮೈದುನ ಸುಳ್ಳು ಪತ್ರ ಬರೆದು ಅತ್ತಿಗೆಯ ಮೇಲೆ ಅಪವಾದ ಹೊರಿಸುತ್ತಾನೆ. ಗಂಡ ಅವಳನ್ನು ಮನೆಯಿಂದ ಹೊರಗಟ್ಟುತ್ತಾನೆ. ಸತ್ಯ ತಿಳಿದು ಅವನು ಹುಡುಕಿಕೊಂಡು ಬರುವ ಹೊತ್ತಿಗೆ ಅವಳು ಅವನ ಕಾಲ ಬಳಿ ಕುಸಿದು ಪ್ರಾಣ ಬಿಡುತ್ತಾಳೆ. ಅದಕ್ಕೆ ಮೊದಲು ಎರಡು ಪುಟ ಮಾತಾಡುತ್ತಾಳೆ.

ಎರಡು ಪುಟ ಬಾಯಿಪಾಠವಾಯಿತು, ಸಾಯುವುದು ಮಾತ್ರ ಬರಲಿಲ್ಲ. ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿದ್ದ ನಿರ್ದೇಶಕರ ಫ್ಲ್ಯಾಟಿನಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ತಾಲೀಮು. ನಾನು ಬಿದ್ದಾಗಲೆಲ್ಲ ಯಾರಾದರೂ ನಗುತ್ತಿದ್ದರು. ಆಮೇಲಾಮೇಲೆ ನನಗೂ ನಗು ತಡೆಯಲಾಗುತ್ತಿರಲಿಲ್ಲ.

ಪಾತ್ರಕ್ಕೆ ದೊಡ್ಡ ಅಂಚಿನ ಸೀರೆ ಬೇಕಾಗಿ ದೋಹಾ ಅಲ್ ಜದೀದಾ ಬಡಾವಣೆಯ ಬಟ್ಟೆ ಅಂಗಡಿಯೊಂದಕ್ಕೆ ಹೋದೆ. ಮಾಲೀಕರು ಮಂಗಳೂರು ಕಡೆಯ ಬ್ಯಾರಿ ಸಾಹೇಬರು, ಎಪ್ಪತ್ತು ದಾಟಿದವರು. ಸೀರೆ ಯಾತಕ್ಕೆ ಎಂದು ಕೇಳಿದರು. ನಾಟಕದ ಕತೆ ಹೇಳತೊಡಗಿದೆ. ಸುಳ್ಳು ಪತ್ರದ ಭಾಗ ಬರುತ್ತಿದ್ದಂತೆ ಮಡಚುತ್ತಿದ್ದ ಸೀರೆಯನ್ನು ಪಕ್ಕಕ್ಕಿಟ್ಟು ಮುಂದಿನದನ್ನು ಅವರೇ ಹೇಳಿಬಿಟ್ಟರು.

"ಈ ನಾಟಕ ನಿಮಗೆ ಗೊತ್ತಾ?" ಎಂದೆ.

"ಗೊತ್ತಾ ಅಂತ ಕೇಳ್ತೀರಲ್ಲ ಮಾರಾಯ್ರೆ. ನಿಮ್ಮ ಪಾರ್ಟು ಮಾಡಿದ್ದೇ ನಾನು."

ಅವರು ಹುಡುಗರಾಗಿದ್ದಾಗ ಊರಿನ ಯುವಕ ಸಂಘ ಈ ನಾಟಕ ಆಡಿತ್ತು. ಹೆಣ್ಣುಮಕ್ಕಳು ರಂಗಕ್ಕೆ ಬರುವ ಕಾಲವಲ್ಲ. ಸಪೂರ ಮೈಯ ಇವರಿಗೆ ಸೀರೆ ಉಡಿಸಿದರು. ಮೊದಲ ಪ್ರಯೋಗದ ದಿನ ಅವರ ತಾಯಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಮಗ ಸತ್ತು ಬಿದ್ದದ್ದೇ ತಡ, ನಾಟಕವೆಂದು ಗೊತ್ತಿದ್ದರೂ ಆಕೆ ಗೋಳೋ ಎಂದು ಅಳತೊಡಗಿದರು. ಯಾರು ಸಮಾಧಾನ ಮಾಡಿದರೂ ನಿಲ್ಲಲಿಲ್ಲ. ಬೇರೆ ದಾರಿ ಕಾಣದೆ ಇವರು ಎದ್ದು ನಿಂತು ತಾಯಿಯ ಕಡೆ ನೋಡಿದರು. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಅಲ್ಲಿಂದಾಚೆ ಆ ಸಂಘದ ನಾಯಕಿ ಯಾವ ಊರಲ್ಲೂ ಸಾಯಲಿಲ್ಲ.

ಇದನ್ನು ಹೇಳಿ, ನಾವೂ ಹಾಗೇ ಆಡೋಣ ಎಂದರೆ ನಿರ್ದೇಶಕರಿಗೆ ಒಪ್ಪಿಗೆಯಾಗಲಿಲ್ಲ. "ಪುಸ್ತಕದಲ್ಲಿ ಸಾಯ್ತಾಳೆ ಮೇಡಂ, ನಾವೂ ಸಾಯಿಸ್ಬೇಕು," ಎಂದರು.

ಮುಂದಿನ ಶುಕ್ರವಾರ ನಾನು ಕರೆದೆನೆಂದು ಸಾಹೇಬರು ತಾಲೀಮಿಗೆ ಬಂದರು. ಸ್ವಲ್ಪ ಹೊತ್ತು ನೋಡಿ, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ನಡುಮನೆಯಲ್ಲಿ ಬಿದ್ದರು. ಮೊದಲು ಮಂಡಿ, ಆಮೇಲೆ ಸೊಂಟ, ಭುಜ, ಕೊನೆಗೆ ಮುಖ ನಮ್ಮತ್ತ ಹೊರಳಿತು. ಯಾರೂ ನಗಲಿಲ್ಲ. ಇನ್ನು ವೈದ್ಯರನ್ನು ಕರೆಯಬೇಕೇನೋ ಎಂದು ನಾವು ಗಾಬರಿಯಾಗುವಷ್ಟು ಹೊತ್ತು ಮಲಗಿದ್ದು, ನಿಧಾನವಾಗಿ ಎದ್ದರು.

ನಿರ್ದೇಶಕರು ಒಳಗೆ ಹೋಗಿ, ತಾತನ ಕಂಪನಿ ಕೊನೆಯನ್ನು ಹೇಗೆ ಆಡುತ್ತಿತ್ತೆಂದು ಕೇಳಲು ಮೈಸೂರಿಗೆ, ತಮ್ಮ ತಾಯಿಗೆ, ಫೋನ್ ಮಾಡಿದರು. ಹೊರಗೆ ಬಂದಾಗ ಮುಖ ಅರಳಿತ್ತು. ನಾಯಕಿಯನ್ನು ಸಾಯಿಸಿದ ಊರುಗಳಲ್ಲಿ ಎರಡನೆಯ ದಿನ ಜನ ಬರುತ್ತಿರಲಿಲ್ಲವಂತೆ. ಹಾಗಾಗಿ ತಾತನ ಕಂಪನಿಯೂ ಎಷ್ಟೋ ಕಡೆ ಅವಳನ್ನು ಬದುಕಿಸಿ ಮಂಗಳ ಹಾಡಿಸುತ್ತಿತ್ತಂತೆ. ಪುಸ್ತಕದ ಕೊನೆಯ ಪುಟದಲ್ಲಿ ನಿರ್ದೇಶಕರು ಪೆನ್ಸಿಲಿನಿಂದ 'ಏಳುತ್ತಾಳೆ' ಎಂದು ಬರೆದುಕೊಂಡರು.

ಕೆಲವು ವಾರಗಳ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ, ಶಾಲೆಯೊಂದರ ಸಭಾಂಗಣದಲ್ಲಿ ಪ್ರಯೋಗ. ಕನ್ನಡ ಅರ್ಧಂಬರ್ಧ ತಿಳಿಯುವ ಮಕ್ಕಳು ಕೂಡ ಮೈದುನ ಬಂದಾಗಲೆಲ್ಲ ಕೂಗಿ ಛೀಮಾರಿ ಹಾಕಿದರು. ನಾನು ಮಂಡಿಯೂರಿದೆ, ಸೊಂಟ, ಭುಜ, ಮುಖ. ಯಾರೋ ಅಳುತ್ತ ಮೂಗೆಳೆದದ್ದು ಕೇಳಿಸಿತು. ಇನ್ನೂ ಸ್ವಲ್ಪ ಹೊತ್ತು ಸತ್ತೇ ಇರೋಣ ಅನ್ನಿಸುವಷ್ಟು ಸುಖವಾಯಿತು. ಎದ್ದಾಗ ಜನರ ಚಪ್ಪಾಳೆಯ ಗದ್ದಲದಲ್ಲಿ ಮಂಗಳದ ಹಾಡು ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಸಾಹೇಬರು ಹೆಂಡತಿಯನ್ನು ಕರೆದುಕೊಂಡು ಬಣ್ಣ ಹಚ್ಚುವ ಕೋಣೆಗೆ ಬಂದರು. ಆಕೆ ನನ್ನ ಕೈ ಹಿಡಿದುಕೊಂಡು, ಕಣ್ಣೊರೆಸುತ್ತಾ ನಗುತ್ತಾ ಹೇಳಿದರು:

"ಮದುವೆಯಾಗಿ ನಲವತ್ತೈದು ವರ್ಷ ಆಯ್ತು. ಸೀರೆ ಉಟ್ಟು ನಾಟಕ ಮಾಡಿದ್ದನ್ನ ಇವರು ಇವತ್ತು ಕಾರಲ್ಲಿ ಬರುವಾಗ ಹೇಳ್ತಾರೆ ನೋಡಿ."

ಸಾಹೇಬರು ನಾಚಿ ಗೋಡೆಯ ಕಡೆ ನೋಡಿದರು. ಒಂದು ಸಲ ಆ ನಾಯಕಿಯಂತೆ ನಡೆದು ತೋರಿಸಿ ಎಂದು ಹೆಂಡತಿ ಪಟ್ಟು ಹಿಡಿದರು. ಕೊನೆಗೆ ಅವರು ಬಾಗಿಲು ಮುಂದೆ ಮಾಡಿ, ಇಲ್ಲದ ಸೆರಗನ್ನು ಭುಜಕ್ಕೆಳೆದುಕೊಂಡು, ಕನ್ನಡಿಯವರೆಗೆ ನಡೆದು ಹೋದರು. ನಮಗೆಲ್ಲರಿಗಿಂತ ಚೆನ್ನಾಗಿ ನಡೆದರು.