ಎಡೆಗಿಟ್ಟ ಅಲ್ಯಾನಿಕೊ

ಬಿರಡೆ ತೆಗೆದಾಗ ಮೊದಲು ಬಂದದ್ದು ನೇರಳೆಹಣ್ಣಿನ ವಾಸನೆ. ಅಥವಾ ಬಾಟಲಿ ನೋಡಿ ನೆನಪೇ ಮೂಗಿಗೆ ಹೇಳಿಕೊಟ್ಟಿತೋ... ಅಲ್ಯಾನಿಕೊ ಅಂತ, ಇಟಲಿಯ ದಕ್ಷಿಣದ ಕೆಂಪು ವೈನು, ಹೆಚ್ಚು ಜನಕ್ಕೆ ಗೊತ್ತಿಲ್ಲ. ಮೊನ್ನೆ ಮಾಲಯ ಅಮಾವಾಸ್ಯೆಗೆ ಬಾಬುರಾಯನಕೊಪ್ಪಲಿನ ನಮ್ಮ ಎದುರುಮನೆಯ ಅಣ್ಣನಿಗೆ ಎಡೆ ಇಟ್ಟಿದ್ದರು. ಸತ್ತವರಿಗೆ ಇಷ್ಟವಿದ್ದದ್ದನ್ನೆಲ್ಲ ಎಲೆಗೆ ಬಡಿಸುವುದು ನಮ್ಮ ಕಡೆ ಪದ್ಧತಿ. ಮುದ್ದೆ, ತಲೆಮಾಂಸದ ಸಾರಿನ ಪಕ್ಕ ಬೇರೆ ಮನೆಗಳಲ್ಲಿ ಬ್ರಾಂದಿ ಇರುತ್ತದೆ. ಅತ್ತಿಗೆ ಈ ಬಾಟಲಿ ಇಟ್ಟು, ತೆರೆಯಲು ನನ್ನನ್ನು ಕರೆದಿದ್ದರು.

ಅಣ್ಣನಿಗೆ ಮೈಸೂರಿನ ಹೋಟೆಲೊಂದರಲ್ಲಿ ವೈನು ಬಡಿಸುವ ಕೆಲಸ. ಯಾವ ಊಟಕ್ಕೆ ಯಾವುದು ಎಂದು ಅತಿಥಿಗಳಿಗೆ ಅವನೇ ಹೇಳಬೇಕು. "ಕೊಬ್ಬಿನ ಮಾಂಸಕ್ಕೆ ಒಗರು ಬೇಕು ಕಣ್ಲಾ. ಬಸ್ಸಾರಿಗೆ ಇದ ಕುಡುದ್ರೆ ಸಾರು ಸತ್ತೋಯ್ತದೆ. ಅದುಕ್ಕೆ ಸ್ಕಿಯಾವ ಅನ್ನೋ ವೈನು, ತೆಳ್ಳುಗಿರ್ಬೇಕು" ಎಂದು ನನಗೂ ಪಾಠ ಹೇಳುತ್ತಿದ್ದ. ಊರವರು ಸಾರಾಯಿ ಮೇಷ್ಟ್ರು ಎಂದು ಆಡಿಕೊಳ್ಳುತ್ತಿದ್ದರು.

ಕರೋನಾ ಬಂದು ಹೋದ ಮೇಲೆ ಅವನ ಮೂಗು ಸತ್ತಿತು. ಹುಳಿ, ಒಗರು ತಿಳಿಯುತ್ತಿತ್ತು, ವಾಸನೆ ಇಲ್ಲ. ನನ್ನದು ಆಲೆಮನೆ. ಬೆಲ್ಲದ ಪಾಕ ಹದಕ್ಕೆ ಬಂದದ್ದನ್ನು ಮೂಗಿನಲ್ಲೇ ಹೇಳುತ್ತೇನೆ. ಹಾಗಾಗಿ ಅಣ್ಣ ಸಂಜೆ ಬಡಿಸಬೇಕಾದ ವೈನನ್ನು ಮಧ್ಯಾಹ್ನವೇ ಸಣ್ಣ ಶೀಸೆಯಲ್ಲಿ ತಂದು ಒಲೆಯ ಪಕ್ಕ ಕೂರುತ್ತಿದ್ದ.

"ಮೂಸ್ಲಾ. ಏನ್ ಬತ್ತದೆ?"

"ಉಣ್ಸೆಹಣ್ಣು ಸುಟ್ಟಂಗೆ."

"ಸುಟ್ಟಂಗಾ, ಸೀದಂಗಾ? ಸರ್ಯಾಗ್ ಹೇಳ್ಲಾ, ನನ್ ಹೊಟ್ಟೆಪಾಡು."

ನಾನು ಹೇಳಿದ್ದನ್ನೇ ಸಂಜೆ ಅತಿಥಿಗಳಿಗೆ ಹೇಳುತ್ತಿದ್ದ. ಹೆಂಡತಿಗೂ ತಿಳಿಸಬೇಡ ಅಂದಿದ್ದ. ಅಂದಿದ್ದನೇ? ಆಮೇಲೆ ನಾನೇ ಸೇರಿಸಿಕೊಂಡೆನೇ...

ಒಂದು ದಿನ ತಂದ ವೈನಿನ ಬಾಟಲಿಯಲ್ಲಿ ಬಿರಡೆ ಕೆಟ್ಟಿತ್ತು. ಅಂಥ ವೈನು ನೆಂದ ಗೋಣಿಚೀಲದಂತೆ ನಾರುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ನನ್ನ ಆಲೆಮನೆಯಲ್ಲಿ ದಿನವೂ ಅದೇ ವಾಸನೆ. ನನಗದು ಬರೀ ಗಾಳಿ. "ಚೆನ್ನಾಗದೆ ಬುಡಣ್ಣ, ನೇರಳೆ" ಅಂದೆ. ಸಂಜೆ ಅದನ್ನೇ ಹೊಗಳಿ ಬಡಿಸಿದ. ಅತಿಥಿಯೊಬ್ಬರು ಲೋಟ ದೂಡಿದರು. ಮ್ಯಾನೇಜರು ಎಲ್ಲರೆದುರು ಮೂಸಿ ನೋಡು ಎಂದ. ಅಣ್ಣ ಮೂಸಿ ನೇರಳೆ ಅಂದನಂತೆ. ಕೆಲಸ ಹೋಯಿತು.

ಎರಡು ತಿಂಗಳಾಗಿರಬಹುದು. ಅತ್ತಿಗೆ ಡೈರಿಗೆ ಹಾಲು ಹಾಕಲು ಹೋಗಿದ್ದರು. ಗ್ಯಾಸು ಸೋರಿ ಅಡುಗೆಮನೆ ತುಂಬಿತ್ತು. ಅಣ್ಣ ಕಾಫಿ ಕಾಸಲು ಕಡ್ಡಿ ಗೀರಿದ.

ಕೆಲಸ ಹೋದದ್ದಕ್ಕೆ ಬೇಕೆಂದೇ ಮಾಡಿಕೊಂಡ ಎಂದಿತು ಊರು. ನಾನು ಸುಮ್ಮನಿದ್ದೆ. ಕೊಟ್ಟ ಮಾತು ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಗೋಣಿಚೀಲದ ವಿಷಯ ಹೊರಬಿದ್ದೀತೆಂಬ ಭಯವೇ ಹೆಚ್ಚಿತ್ತೇನೋ.

ಮೊನ್ನೆ ಎಲೆಯ ಮುಂದೆ ಅತ್ತಿಗೆ ವರ್ಷವರ್ಷ ಕೇಳುವುದನ್ನೇ ಕೇಳಿದರು. "ಅಂಥಾ ಮೂಗು ಅವ್ರುದು. ಗ್ಯಾಸು ನಾರೋದು ಗೊತ್ತಾಗ್ನಿಲ್ವೇನಪ್ಪ?"

ಹೇಳಿದೆ. ಗೋಣಿಚೀಲವನ್ನೂ ಬಿಡದೆ.

ಅತ್ತಿಗೆ ಎಲೆಯ ಅಂಚನ್ನು ಸವರುತ್ತ ಕೂತರು. "ಅಂಗಾರೆ ನನ್ನ ಬುಟ್ಟು ಹೋಗ್ಬೇಕು ಅಂತ ಮಾಡ್ಕಂಡಿದ್ದಲ್ಲ." ಆಮೇಲೆ ನನ್ನ ಕಡೆ ನೋಡದೆ, "ಮೂರು ವರ್ಷ ಕಣಪ್ಪ. ಎದ್ರುಗೇ ಇದ್ಯಲ್ಲ ನೀನು..."

ಸತ್ತವರು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಜಗುಲಿಯ ಎರಡು ತುದಿಯಲ್ಲಿ ಕೂತೆವು. ಒಳಗೆ ಅವನೊಬ್ಬನೇ ಇದ್ದ, ಮೂಸಿ ಹೇಳುವವರಿಲ್ಲದೆ.